ರೊಟ್ಟಿಯ ಅಳತೆ

ಗಾಳೆಪ್ಪ ವ್ಯಾನಿನ ಹಿಂದೆ ಕುಕ್ಕರಗಾಲಲ್ಲಿ ಕುಳಿತು, ಚಕ್ರಕ್ಕೂ ಅದರ ಮೇಲಿನ ತಗಡಿಗೂ ನಡುವೆ ಕೈ ತೂರಿಸಿ ನೋಡಿದ. ಮೂರು ಬೆರಳು ಹೋದವು, ನಾಲ್ಕನೆಯದು ಹೋಗಲಿಲ್ಲ.

"ಅಫ್ಜಲಭಾಯ್, ನಾ ಮಾಡಾಕ ಹೇಳಿದ್ದು ಅಡಿಗಿ ವ್ಯಾನ್. ನೀವು ಕಲ್ಲಿನ ಲಾರಿ ಮಾಡಿ ತಂದೀರಿ," ಎಂದ.

ಅಫ್ಜಲ ಹಿಂದಿನ ಬಾಗಿಲೆತ್ತಿ, ಎರಡೂ ಕೈ ಹಾಕಿ ಎಳೆದ. ಇಡೀ ಅಡುಗೆಮನೆ ಹೊರಗೆ ಬಂದು ಕಬ್ಬಿಣದ ಕಾಲಿನ ಮೇಲೆ ನಿಂತಿತು. ಪುಟ್ಟ ಗ್ಯಾಸ್ ಒಲೆ, ಐದು ಕಿಲೋದ ಸಿಲಿಂಡರು, ನಲ್ಲಿ ಇರುವ ನೀರಿನ ಕ್ಯಾನು, ಚಹಾದ ಲೋಟ ಗಡಗಡ ಎನ್ನದಂತೆ ಫೋಮಿನಲ್ಲಿ ಕೊರೆದ ಆರು ಗುಂಡಿ, ಚಹಾಪುಡಿಗೆ, ಸಕ್ಕರೆಗೆ, ಖಾರದ ಡಬ್ಬಿಗೆ ಬೇರೆ ಬೇರೆ ಖಾನೆ. ಹೆಸರಿಡುವಂಥದ್ದು ಯಾವುದೂ ಇರಲಿಲ್ಲ. ಆದರೆ ಖಾನೆಗಳ ಮೇಲೆ, ಒಲೆಯ ಕೆಳಗೆ, ಮೂರೂವರೆ ಅಡಿ ಉದ್ದ, ಎರಡಡಿ ಅಗಲದ ಇಳಕಲ್ ಕೆಂಪು ಗ್ರಾನೈಟು ಕೂತಿತ್ತು, ಒಂದೇ ತುಂಡು. ಇಪ್ಪತ್ತೆರಡು ವರ್ಷ ಕಲ್ಲಿಗೆ ಪಾಲಿಶ್ ಹೊಡೆದವನಿಗೆ ಅಡುಗೆಕಟ್ಟೆ ಎಂದರೆ ಕಲ್ಲು ಬಿಟ್ಟು ಇನ್ನೇನು ತೋಚೀತು?

ಕಲ್ಲಿನ ಪುಡಿ ಎದೆಗಿಳಿದಿದೆ, ಇನ್ನು ಫ್ಯಾಕ್ಟರಿಯ ಕಡೆ ತಲೆ ಹಾಕಬೇಡ ಎಂದು ಡಾಕ್ಟರು ಹೇಳಿ ನಾಲ್ಕು ತಿಂಗಳಾಗಿತ್ತು. ಬಾದಾಮಿಯ ಬಂಡೆ ಹತ್ತಲು ಬರುವವರಿಗೆ ಗಾಳೆಪ್ಪ ವ್ಯಾನು ಬಾಡಿಗೆಗೆ ಕೊಡುತ್ತಿದ್ದ. ಇದೊಂದನ್ನು ಅವನು ಒಪ್ಪಿದರೆ ಉಳಿದ ಮೂರು ವ್ಯಾನಿನ ಕೆಲಸವೂ ಅಫ್ಜಲನಿಗೆ. ಒಪ್ಪದಿದ್ದರೆ ಗಂಡ ಮತ್ತೆ ಅದೇ ಪುಡಿಯ ನಡುವೆ ಹೋಗಿ ನಿಲ್ಲುತ್ತಾನೆ ಎಂದು ನರ್ಗೀಸಳಿಗೆ ಗೊತ್ತಿತ್ತು. ಅದಕ್ಕೇ ಅವಳೂ ಇಳಕಲ್ಲಿನಿಂದ ಜೊತೆಗೆ ಬಂದಿದ್ದಳು. ಹುನಗುಂದದ ರಸ್ತೆಯುಬ್ಬಿಗೆ ವ್ಯಾನಿನ ಹೊಟ್ಟೆ ಉಜ್ಜಿದಾಗಲೇ ತೂಕದ ಮಾತು ಬರುತ್ತದೆಂದು ಅವಳಿಗೆ ಅನ್ನಿಸಿತ್ತು.

"ಐದು ಮಂದಿ, ಅವರ ಹಗ್ಗ, ಚೀಲ ಎಲ್ಲಾ ಸೇರಿದ್ರ ಇದು ಮುಂದಕ್ಕ ಹೋಗೂದಿಲ್ಲ," ಎಂದ ಗಾಳೆಪ್ಪ. "ಕಲ್ಲು ತಗದು ಪ್ಲೈವುಡ್ ಹಾಕ್ರಿ. ಅಲ್ಲಿ ನಿಂತೈತಲ್ಲ, ಆ ವ್ಯಾನ್ ನೋಡ್ರಿ. ಪ್ಲೈದಾಗ ಮಾಡಿಸೇನಿ, ಒಂದ ಕೈಲೆ ಎಳೀಬಹುದು."

"ಅದು ನಾ ಪಾಲಿಶ್ ಮಾಡಿದ ಕಡೀ ಕಲ್ಲರಿ," ಎಂದ ಅಫ್ಜಲ.

ನರ್ಗೀಸ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಅಣ್ಣಾರ, ಆ ಪ್ಲೈ ವ್ಯಾನಿನ್ಯಾಗ ಏನ್ ಅಡಿಗಿ ಮಾಡ್ತಾರ್ರಿ?"

"ನೂಡಲ್ಸ್. ಬ್ರೆಡ್ಡು, ತತ್ತಿ."

"ನಿಮ್ಮ ಅಂಗಡಿ ಬೋರ್ಡಿನ ಮ್ಯಾಲ ಬಿಸಿ ರೊಟ್ಟಿ ಅಂತ ಬರಸೀರಲ್ಲ."

ಗಾಳೆಪ್ಪ ತಲೆ ಕೆರೆದುಕೊಂಡ. "ಅಡಿಗಿಯಾಕಿ ಆಗೂದಿಲ್ಲ ಅಂತಾಳವಾ. ಯಾಕ ಅಂತ ಕೇಳಿದ್ರ, ನೀವ ಬಂದು ಬಡೀರಿ ಅಂತಾಳ."

"ನಾ ಬಡೀತೇನಿ. ಹತ್ತು ಮಿನಿಟ್ ತಡೀರಿ. ತಿಂದು, ಆಮ್ಯಾಲೆ ಬ್ಯಾಡ ಅನ್ರಿ."

ನೀರು ಕಾಯಿಸಿ, ತಾನು ತಂದಿದ್ದ ಜೋಳದ ಹಿಟ್ಟು ನಾದಿದಳು. ಅದನ್ನು ತೆಗೆದುಕೊಂಡು ನೆಟ್ಟಗೆ ಪ್ಲೈ ವ್ಯಾನಿಗೇ ನಡೆದಳು. ನಾಲ್ಕು ಪೆಟ್ಟು ಬೀಳುವುದರೊಳಗೆ ಹಲಗೆ ಕುಣಿಯಿತು, ಲೋಟಗಳು ಕುಣಿದವು, ಒಲೆಯ ಮೇಲಿನ ತವಾ ಅಂಚಿಗೆ ಸರಿಯಿತು. ರೊಟ್ಟಿ ನಡುವೆ ಸೀಳಿತು. ಆ ಅಡುಗೆಯವಳ ಬಗ್ಗೆ ನರ್ಗೀಸಳಿಗೆ ಪಾಪವೆನ್ನಿಸಿತು. ಸೀಳಿದ್ದನ್ನು ಮುದ್ದೆ ಮಾಡಿಕೊಂಡು ತಮ್ಮ ವ್ಯಾನಿಗೆ ಬಂದು ಕೆಂಪು ಕಲ್ಲಿನ ಮೇಲೆ ಹಿಟ್ಟು ಉದುರಿಸಿದಳು. ಈಗ ಅವಳ ಅಂಗೈಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ರೊಟ್ಟಿ ತವಾದ ಮೇಲೆ ಉಬ್ಬಿ ಬಂತು.

ಗಾಳೆಪ್ಪ ನಿಂತುಕೊಂಡೇ ಶೇಂಗಾ ಚಟ್ನಿ ಹಚ್ಚಿಕೊಂಡು ಒಂದು ತಿಂದ, ಎರಡನೆಯದಕ್ಕೂ ಕೈ ಒಡ್ಡಿದ. ಆದರೂ ವ್ಯಾಪಾರಸ್ಥ. "ರೊಟ್ಟಿಗೆ ನಾ ಎಲ್ಲಿ ಬ್ಯಾಡ ಅಂದೇನಿ, ತಂಗೀ? ತೂಕಕ್ಕ ಅಂದೇನಿ," ಎಂದ.

ಆ ಮಾತು ಸುಳ್ಳಲ್ಲ. ನರ್ಗೀಸ ಮೂರನೆಯ ರೊಟ್ಟಿಯನ್ನು ಬಡಿದು, ಎರಡೂ ಕೈಯಿಂದ ಎತ್ತಿ ತವಾಕ್ಕೆ ಹಾಕಿದಳು. ರೊಟ್ಟಿ ಎದ್ದ ಜಾಗದಲ್ಲಿ, ಕೆಂಪು ಕಲ್ಲಿನ ಮೇಲೆ ಹಿಟ್ಟಿನ ಬಿಳಿ ದುಂಡು ಉಳಿಯಿತು. ಅವಳು ಅದನ್ನೇ ನೋಡುತ್ತ ನಿಂತಳು.

"ಏನ್ರಿ, ಇಲ್ಲಿ ನೋಡ್ರಿ," ಎಂದು ಗಂಡನನ್ನು ಕರೆದಳು. "ನನಗ ಬೇಕಾದ ಕಲ್ಲು ಇಷ್ಟ. ಉಳದದ್ದು ನಿಮ್ಮ ಸಲುವಾಗಿ ಕುಂತೈತಿ. ಕಬ್ಬಿಣದ ಕಾಲು ಇದರ ಕೆಳಗ ಬರ್ಲಿ, ಸುತ್ತಲೂ ಪ್ಲೈ ಹಾಕ್ರಿ."

"ಕಲ್ಲು ಕೊಯ್ಯಬೇಕನ್ನು," ಎಂದ ಅಫ್ಜಲ.

"ಹೂಂ. ನೀವು ಮಿಷನ್ ಹತ್ತರ ಹೋಗೂದು ಬ್ಯಾಡ. ನಮ್ಮ ತಮ್ಮ ಅರ್ಷದ ಕೊಯ್ದು ಕೊಡ್ತಾನ."

ಅಫ್ಜಲ ಕಲ್ಲಿನ ಮೇಲೆ ಒಮ್ಮೆ ಅಂಗೈ ಆಡಿಸಿದ. ಮುಖ ಕಾಣುವಂಥ ಪಾಲಿಶ್, ಎಲ್ಲಿಯೂ ಒಂದು ಗೀರಿರಲಿಲ್ಲ. ನರ್ಗೀಸ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಅವನು ಕಿವಿಯ ಮೇಲಿನ ಪೆನ್ಸಿಲು ತೆಗೆದ. ಹಿಟ್ಟಿನ ದುಂಡಿನ ಸುತ್ತ, ಒಂದು ಬೆರಳು ಹೊರಗೆ, ಗೆರೆ ಎಳೆದ. ನರ್ಗೀಸ ತವಾ ಇಳಿಸಿದ ಮೇಲೆ ಒಲೆಯನ್ನು ಎತ್ತಿ ಕೆಳಗಿಟ್ಟ. ಅದೇ ಅಳತೆಯ ತಟ್ಟೆಯೊಂದನ್ನು ಪಕ್ಕದಲ್ಲಿ ಬೋರಲಿಟ್ಟು ಮತ್ತೊಂದು ಗೆರೆ ಎಳೆದ. ಅದರಾಚೆಗೆ ಮೂರನೆಯದು, ಆಮೇಲೆ ನಾಲ್ಕನೆಯದಕ್ಕೂ ತಟ್ಟೆ ಬೋರಲಿಟ್ಟ. ಗಾಳೆಪ್ಪ ಅಗಿಯುವುದನ್ನು ನಿಲ್ಲಿಸಿ ಕತ್ತು ಚಾಚಿ ಎಣಿಸಿದ.

"ನಾಕು ಯಾಕ್ರಿ ಭಾಯ್? ನಾ ಇನ್ನಾ ಒಂದ ವ್ಯಾನಿಗೂ ಹೂಂ ಅಂದಿಲ್ಲ."

"ತಿನ್ನೂದು ಮುಗಸ್ರಿ, ಆಮ್ಯಾಲೆ ಅನ್ರಿ," ಎಂದ ಅಫ್ಜಲ, ತಲೆ ಎತ್ತದೆ ನಾಲ್ಕನೆಯ ದುಂಡಿನ ಗೆರೆ ಕೂಡಿಸುತ್ತ.