ಡಾರ್ಲೀನ್ ಎಂಬ ಕುದುರೆ

“ಡಾರ್ಲೀನ್! ಬಾರೇ ನನ್ನ ಚಿನ್ನ, ಇನ್ನೊಂದ್ಚೂರು ಈಜೇ!” ಎಂದು ವೆಂಡೆಲ್ ನೀರಿನಿಂದಲೇ ಕೂಗಿದಾಗ, ದಡದ ಕೆಸರಿನಲ್ಲಿ ನಿಂತಿದ್ದ ಅವನ ಹೆಂಡತಿ ಮೇವಿಸ್ ಕೈಯಲ್ಲಿದ್ದ ಒಣ ಟವೆಲನ್ನೇ ಹಿಂಡಿದಳು. ಅಸಟೀಗ್ ದ್ವೀಪದ ಕಾಡುಕುದುರೆಗಳನ್ನು ವೆಂಡೆಲನಂಥ ಸವಾರರು ವರ್ಷಕ್ಕೊಮ್ಮೆ ಈಚೆ ದಡಕ್ಕೆ ಈಜಿಸುವ ದಿನವದು. ಆಮೇಲೆ ನಡೆಯುವ ಹರಾಜಿನಲ್ಲಿ ಕುದುರೆಮರಿ ಕೊಂಡವರು ಅದನ್ನು ದ್ವೀಪಕ್ಕೇ ಬಿಟ್ಟುಕೊಟ್ಟರೆ, ಹೆಸರಿಡುವ ಹಕ್ಕು ಅವರದು. ವೆಂಡೆಲನ ಹಳೆಯ ಗೆಳತಿ ಎಷ್ಟೋ ವರ್ಷಗಳ ಹಿಂದೆ ಹಾಗೆ ಬಿಟ್ಟ ಮರಿಗೆ ತನ್ನ ಹೆಸರನ್ನೇ ಇಟ್ಟು ಊರು ಬಿಟ್ಟಿದ್ದಳು. ಅಂದಿನಿಂದ ಪ್ರತಿ ಜುಲೈಯಲ್ಲೂ ಮೇವಿಸಳಿಗೆ ಹೊಟ್ಟೆಯುರಿ.

ಈ ಸಲ ಆ ಗೆಳತಿ ಡಾರ್ಲೀನೇ ಬಂದು ಪಕ್ಕದಲ್ಲಿ ನಿಂತಿದ್ದಳು.

“ಕೇಳಿಸ್ತಾ? ಕುಣಿದಾಡು ಈಗ,” ಎಂದು ಮೇವಿಸ್ ಕುಟುಕಿದಳು.

ಡಾರ್ಲೀನ್ ನಗಲಿಲ್ಲ. “ಆಗ ಒಂದ್ಸಲನಾದ್ರೂ ನನ್ನನ್ನ ಹೀಗೆ ಕರೆದಿದ್ರೆ, ನಾನ್ಯಾಕೆ ಅವನನ್ನ ಬಿಟ್ಟು ಹೋಗ್ತಿದ್ದೆ ಮಾರಾಯ್ತಿ?”

“ನಿನಗೆ ಹೆಸರಾದ್ರೂ ಇತ್ತಲ್ಲ. ನನ್ನನ್ನ ಇವತ್ತಿಗೂ ‘ಏಯ್’ ಅಂತ್ಲೇ ಕರೆಯೋದು.”

ಮುದಿ ಕುದುರೆ ದಡ ಹತ್ತಿ ಮೈ ಕೊಡವಿತು. ಕೆಸರುನೀರು ಇಬ್ಬರ ಮುಖಕ್ಕೂ ಸಿಡಿಯಿತು. “ಶಹಬ್ಬಾಸ್, ನನ್ನ ರಾಣಿ!” ಎಂದ ವೆಂಡೆಲ್, ಇವರ ಕಡೆ ತಿರುಗಿಯೂ ನೋಡದೆ. ಮೇವಿಸ್ ಟವೆಲಿನ ಒಂದು ತುದಿಯನ್ನು ಡಾರ್ಲೀನಳಿಗೆ ಕೊಟ್ಟಳು. ಇಬ್ಬರೂ ಮುಖ ಒರೆಸಿಕೊಳ್ಳುತ್ತ ಆ ಕುದುರೆಯನ್ನೇ ದುರುಗುಟ್ಟಿ ನೋಡಿದರು.