ಅಜ್ಜಿ ಮಾತು ಬಿಟ್ಟದ್ದು

"ಇವತ್ತು ಯಾವ ವಾರ ಅಜ್ಜಿ?" ಡಾಕ್ಟರು ಮತ್ತೆ ಕೇಳಿದರು. ಅಜ್ಜಿ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡಿದಳು. ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗಳು ಅವಳ ಹತ್ತಿರಕ್ಕೆ ಸರಿದಳು. ಇದು ಮರೆವಿನ ಕಾಯಿಲೆಯೇ ಎಂದು ಡಾಕ್ಟರು ಬರೆದುಕೊಟ್ಟರೆ ಅಜ್ಜಿಯನ್ನು ವೃದ್ಧಾಶ್ರಮಕ್ಕೆ ಸೇರಿಸುವುದೆಂದು ಮನೆಯಲ್ಲಿ ಮಾತಾಗಿತ್ತು.

"ನೋಡಿದ್ರಾ ಡಾಕ್ಟ್ರೇ," ಎಂದಳು ಮೊಮ್ಮಗಳ ಅಮ್ಮ. "ನಮ್ಮತ್ತೆ ಈಗೀಗ ಹೀಗೇ. ಮಾತಿಲ್ಲ ಕತೆಯಿಲ್ಲ, ನಮ್ಮ ಜೊತೆ ಊಟಕ್ಕೂ ಕೂರಲ್ಲ. ಮೊದಲೆಲ್ಲ ಇವರು ಬಾಯಿ ಬಿಟ್ರೆ ಬೀದಿ ಕೊನೆವರೆಗೂ ಕೇಳ್ತಿತ್ತು."

ಡಾಕ್ಟರು ಪೆನ್ನು ಎತ್ತಿಕೊಂಡರು. "ಹೇಳಜ್ಜಿ, ನಿಂಗೆ ಗೊತ್ತಲ್ವಾ," ಎಂದು ಮೊಮ್ಮಗಳು ಪಿಸುಗುಟ್ಟಿ ಅವಳ ಕೈ ಹಿಡಿದಳು. ಅಜ್ಜಿ ಕೈ ಬಿಡಿಸಿಕೊಂಡಳು. ಬಾಯೊಳಗೆ ಬೆರಳು ಹಾಕಿ, ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಮೆಲ್ಲಗೆ ಹೊರತೆಗೆದು ಮೇಜಿನ ಮೇಲಿಟ್ಟಳು. ಬರಿದಾದ ಒಸಡಿನ ತುಂಬ ಕೆಂಪು ಹುಣ್ಣುಗಳಿದ್ದವು.

"ಗುರುವಾರ," ಎಂದಳು ಬೊಚ್ಚುಬಾಯಲ್ಲಿ, ಡಾಕ್ಟರಿಗೆ. ಆಮೇಲೆ ಸೊಸೆಯ ಕಡೆ ತಿರುಗಿದಳು. "ಸಡಿಲ ಆಗಿದೆ, ಮಾತಾಡಿದ್ರೆ ಕಳಚ್ಕೊಂಡು ಬರುತ್ತೆ. ಅವತ್ತು ನೆಂಟರ ಮುಂದೆ ತಟ್ಟೆಗೇ ಬಿತ್ತು. ಇನ್ಮೇಲೆ ಬಾಯಿ ಮುಚ್ಕೊಂಡಿರಿ ಅಂತ ನೀನೇ ಅಲ್ವೇನಮ್ಮ ಹೇಳಿದ್ದು?"