ದೇವಿರಮ್ಮನ ಬಚ್ಚಲು

ಏಳನೇ ರೂಮಿಗೆ ಒಳಗಿಂದ ಚಿಲಕ ಹಾಕಿತ್ತು. ಒಳಗೆ ನೀರು ಸುರಿಯುವ ಸದ್ದು, ಬ್ರಷ್ಷು ಉಜ್ಜುವ ಸದ್ದು, ಬಾಗಿಲ ಸಂದಿಯಿಂದ ಫಿನಾಯಿಲ್ ವಾಸನೆ. ಬಕೆಟ್ಟು ಹಿಡಿದು ಬಂದ ಕೆಲಸದ ಹುಡುಗಿ ಬಿಂದು ಬಾಗಿಲು ಬಡಿದಳು. ಸೊಂಟದ ಆಪರೇಷನ್ ಆಗಿ ಇನ್ನೂ ವಾಕರ್ ಹಿಡಿದು ನಡೆಯುವ ದೇವಿರಮ್ಮ ಇವತ್ತೂ ತಾವೇ ಬಚ್ಚಲು ತೊಳೆಯುತ್ತಿದ್ದರು.

"ಅಜ್ಜೀ, ಬಾಗಿಲು ತೆಗೀರಿ. ನಾನ್ ತೊಳೀತೀನಿ."

"ನಂದು ನಾನೇ ತೊಳ್ಕೋತೀನಿ. ನೀ ಓಗು ಕಣಮ್ಮ."

ದಟ್ಟಗಳ್ಳಿಯ ಈ ವೃದ್ಧಾಶ್ರಮಕ್ಕೆ ಬಂದಾಗಿನಿಂದ ಇದೇ ಹಟ. ಹೋದ ವಾರ ಸೋಪಿನ ನೀರಿಗೆ ಜಾರಿ, ಗೋಡೆಗೆ ಆತುಕೊಂಡು ಹೇಗೋ ಉಳಿದಿದ್ದರು. ಇನ್ನೊಂದು ಸಲ ಬಿದ್ದರೆ ಹಾಸಿಗೆಯೇ ಗತಿ ಎಂದಿದ್ದರು ಡಾಕ್ಟರು. ಸದ್ದು ಕೇಳಿ ಮ್ಯಾನೇಜರ್ ಪ್ರಸಾದ್ ಓಡಿ ಬಂದರು. "ಬಾಗಿಲು ಒಡೆಸಿ ಆ ಚಿಲಕಾನೇ ಕೀಳಿಸಿಬಿಡ್ತೀನಿ ಇವತ್ತು!"

"ಒಂದ್ನಿಮಿಷ ಇರಿ ಸಾರ್," ಎಂದ ಬಿಂದು ಬಾಗಿಲಿಗೆ ಒರಗಿ ನೆಲದ ಮೇಲೆ ಕೂತಳು. ದೇವಿರಮ್ಮ ದೊಡ್ಡಾಸ್ಪತ್ರೆಯಲ್ಲಿ ಆಯಾ ಆಗಿದ್ದವರೆಂದು ಅವಳಿಗೆ ಗೊತ್ತಿತ್ತು.

"ಅಜ್ಜಿ, ಆಸ್ಪತ್ರೇಲಿ ಹಾಸಿಗೇಲೇ ಎಲ್ಲಾ ಮಾಡ್ಕೊಳ್ಳೋರು ಇರ್ತಿದ್ರಲ್ಲಾ, ಅವರದ್ದು ತೊಳೆಯೋವಾಗ ನಿಮಗೆ ಅಸಹ್ಯ ಆಗ್ತಿತ್ತಾ?"

ಬ್ರಷ್ಷು ನಿಂತಿತು. "ಪಾಪ, ಅವ್ರಿಗೆ ಕೈಲಾಗ್ತಿರ್ನಿಲ್ಲ ಕಣಮ್ಮ. ಅಸಹ್ಯ ಎಂಗಾಯ್ತದೆ?"

"ಮತ್ತೆ ನಂಗ್ಯಾಕೆ ಆಗುತ್ತೆ ಅಂದ್ಕೊಂಡ್ರಿ?"

ಒಳಗೆ ಬ್ರಷ್ಷು ಕೆಳಗಿಟ್ಟ ಸದ್ದಾಯಿತು. ಬಿಂದು ಎದ್ದು ನಿಂತಳು. ಆಮೇಲೆ ಮೆಲ್ಲಗೆ ವಾಕರಿನ ಸದ್ದು ಹತ್ತಿರ ಬಂತು, ಚಿಲಕ ಸರಿಯಿತು. ದೇವಿರಮ್ಮನ ಸೆರಗೆಲ್ಲ ಒದ್ದೆ. ಅವರು ಕಣ್ಣು ತಪ್ಪಿಸಿದರು.

"ಅವ್ರಲ್ಲಿ ಒಬ್ರೂ ನನ್ನ ಮುಖ ನೋಡ್ತಿರ್ನಿಲ್ಲ. ಯಾಕೋ ಅಂದ್ಕೋತಿದ್ದೆ. ಈಗ ಗೊತ್ತಾಯ್ತದೆ."

"ನೀವು ನೋಡಿ ಅಜ್ಜಿ. ನೋಡ್ತಾ ಮಾತಾಡ್ತಾ ಇರಿ. ನಂಗೂ ಬೇಜಾರು ಕಳೆಯುತ್ತೆ."

ಪ್ರಸಾದ್ ಹೊರಟುಹೋದರು. ಬಿಂದು ಅಜ್ಜಿಗೆ ಒಣ ಸೀರೆ ಉಡಿಸಿ ಕುರ್ಚಿಯಲ್ಲಿ ಕೂರಿಸಿದಳು. ಬಚ್ಚಲು ತೊಳೆದಳು, ಹಾಸಿಗೆಯ ಬಟ್ಟೆ ಬದಲಿಸಿದಳು, ನೆಲ ಒರೆಸುತ್ತ ಬಂದಳು.

"ಮಂಚದ ಕೆಳಗೆ ಒರೆಸೋದು ಬುಟ್ಬುಟ್ಟೆ ನೋಡು," ಎಂದರು ದೇವಿರಮ್ಮ.

ಬಿಂದು ನಗುತ್ತ ಬಗ್ಗಿ ಒರೆಸಿದಳು. ಮಾಪು ಕುರ್ಚಿಯ ಹತ್ತಿರ ಬಂತು. ಜೀವಮಾನವೆಲ್ಲ ಬೇರೆಯವರ ಕಾಲಡಿಯ ನೆಲ ಒರೆಸಿದ್ದ ದೇವಿರಮ್ಮ, ಕುರ್ಚಿಯ ಕೈಗಳನ್ನು ಹಿಡಿದುಕೊಂಡು, ತಮ್ಮ ಎರಡೂ ಕಾಲುಗಳನ್ನು ಮೆಲ್ಲನೆ ಮೇಲೆತ್ತಿದರು.